ಸಮ್ಮೋಹನದ ವೇದಿಕೆ: ಹತ್ತಬೇಕೆ, ಬೇಡವೆ?

ಹಿಪ್ನಾಟಿಸಂ ಪ್ರದರ್ಶನದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವವರು ಪ್ರೇಕ್ಷಕರ ನಡುವಿನಿಂದ ಎದ್ದುಹೋದ ಐದಾರು ಮಂದಿ. ಚಪ್ಪಾಳೆಯೆಲ್ಲ ಮೈಕು ಹಿಡಿದವರ ಪಾಲು. ಈ ಲೆಕ್ಕ ಸರಿಯಾಗಿ ಅರ್ಥವಾದರೆ ‘ನಾನೂ ಹೋಗಲೇ?’ ಎಂಬ ಪ್ರಶ್ನೆಗೆ ಉತ್ತರ ಕಷ್ಟವಲ್ಲ.

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಹೈದರಾಬಾದಿನ ನಾಂಪಲ್ಲಿ ತಕ್ಕ ಜಾಗ. ಬೆರಗನ್ನು ಹುಡುಕಿಕೊಂಡು ಜನ ಬರುವ ಪೇಟೆ ಅದು. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು 1938ರಲ್ಲಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಶುರುಮಾಡಿದ ನುಮಾಯಿಶ್ ಎಂಬ ವಸ್ತುಪ್ರದರ್ಶನ ಇಂದಿಗೂ ಪ್ರತಿವರ್ಷ ಜನವರಿ 1ರ ಹೊತ್ತಿಗೆ ಎಕ್ಸಿಬಿಷನ್ ಗ್ರೌಂಡ್ಸ್‌ನಲ್ಲಿ ತೆರೆದುಕೊಳ್ಳುತ್ತದೆ. ಅದು ಶುರುವಾದಾಗ ಬೀದರ್, ಕಲಬುರಗಿ, ರಾಯಚೂರು ನಿಜಾಮರ ಸಂಸ್ಥಾನದಲ್ಲೇ ಇದ್ದವು. ಅಲ್ಲಿನ ಕನ್ನಡಿಗರಿಗೆ, ಪಕ್ಕದ ಕಾಚಿಗುಡದ ಕನ್ನಡ ಮನೆಗಳಿಗೆ ನಾಂಪಲ್ಲಿ ಪರಊರಲ್ಲ. ಇದೇ ನಗರದ ಬಿ.ವಿ. ಪಟ್ಟಾಭಿರಾಮ್ ಜಾದೂ ಮತ್ತು ಹಿಪ್ನಾಟಿಸಂನಿಂದ ತೆಲುಗರ ಮನೆಮಾತಾದರು, ಮುಂದೆ ಆಪ್ತಸಮಾಲೋಚನೆಗೂ ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೂ ಹೊರಳಿದರು, 2025ರಲ್ಲಿ ತೀರಿಕೊಂಡರು. ರಂಜನೆಯ ವಿದ್ಯೆಯೊಂದು ಮನಸ್ಸಿನ ಆರೈಕೆಯ ಕಡೆಗೂ ಸಾಗಬಲ್ಲದು ಎಂದು ಅವರ ಬದುಕು ತೋರಿಸಿತು. ಹಾಗಾಗಿ ಈ ಕಲೆಯನ್ನು ಸಾರಾಸಗಟಾಗಿ ತಳ್ಳಿಹಾಕುವ ಉದ್ದೇಶ ನನಗಿಲ್ಲ. ಅದರ ಕೌಶಲವನ್ನು ಕೌಶಲವೆಂದೇ ಮೆಚ್ಚಬೇಕು, ಅದರ ಸುಳ್ಳನ್ನು ಸುಳ್ಳೆಂದೇ ಹೇಳಬೇಕು.

ಮೊದಲು ಕೌಶಲವನ್ನು ನೋಡೋಣ. ಆಟ ಶುರುವಾಗುವುದು ಕುರ್ಚಿಯಲ್ಲಿ ಕೂತ ಎಲ್ಲರ ಜೊತೆ. ಎರಡೂ ಕೈಗಳ ಬೆರಳು ಹೆಣೆದುಕೊಂಡು ಗಟ್ಟಿಯಾಗಿ ಒತ್ತಿರಿ, ಕಣ್ಣು ಮುಚ್ಚಿರಿ, ಅಂಟು ಹಚ್ಚಿದಂತೆ ಬೆರಳುಗಳು ಕೂಡಿಕೊಂಡಿವೆ, ಇನ್ನು ಬಿಡಿಸಲು ಬರುವುದಿಲ್ಲ ಎನ್ನುತ್ತಾರೆ. ಹಲವರು ನಗುತ್ತ ಬಿಡಿಸಿಕೊಳ್ಳುತ್ತಾರೆ, ಕೆಲವರ ಕೈ ಹಾಗೇ ಉಳಿಯುತ್ತದೆ. ಆ ಕೆಲವರನ್ನೇ ಮೇಲೆ ಕರೆಯುತ್ತಾರೆ. ಇದು ಮಂತ್ರವಲ್ಲ, ಆಯ್ಕೆ. ಸೂಚನೆಗೆ ಒಲಿಯುವ ಗುಣ ಎಲ್ಲರಲ್ಲೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಅದನ್ನು ಅಳೆಯಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 1959ರಲ್ಲೇ ಮಾಪಕವೊಂದನ್ನು ರೂಪಿಸಿದರು. ಹೆಚ್ಚಿನವರು ನಡುವಿನ ಮಟ್ಟದಲ್ಲಿ ನಿಲ್ಲುತ್ತಾರೆ. ತೀರಾ ಸುಲಭವಾಗಿ ಒಲಿಯುವವರು ಹತ್ತರಲ್ಲಿ ಒಬ್ಬರು, ಸ್ವಲ್ಪ ಹೆಚ್ಚೂ ಇರಬಹುದು. ಐನೂರು ಜನರ ಸಭಾಂಗಣದಲ್ಲಿ ಅಂಥ ಐವತ್ತು ಮಂದಿಯಾದರೂ ಸಿಗುತ್ತಾರೆ. ಅವರಲ್ಲಿ ಐದಾರು ಮಂದಿಯನ್ನು ಕೆಲವೇ ನಿಮಿಷಗಳಲ್ಲಿ ಗುರುತಿಸುವುದು ನಿಜಕ್ಕೂ ಕಸುಬುದಾರಿಕೆ.

ಮೇಲೆ ಹೋದ ಮೇಲೆ ನಡೆಯುವುದನ್ನು ಮೀಕರ್ ಮತ್ತು ಬಾರ್ಬರ್ ಎಂಬ ಇಬ್ಬರು ಸಂಶೋಧಕರು 1971ರ ಲೇಖನವೊಂದರಲ್ಲಿ ಬಿಡಿಸಿ ತೋರಿಸಿದ್ದಾರೆ. ಅವರು ಗಮನಿಸಿದ ಒಂದು ತಂತ್ರ ಪಿಸುಮಾತಿನದು. ಮೈಕಿನಿಂದ ಮುಖ ಹೊರಳಿಸಿ ಸ್ವಯಂಸೇವಕನ ಕಿವಿಯಲ್ಲಿ ‘ಸ್ವಲ್ಪ ಸಹಕರಿಸಿ, ಚೆನ್ನಾಗಿ ಆಟ ಆಡೋಣ’ ಎಂಬರ್ಥದ ಮಾತು ಹೇಳುವುದು. ಸಭೆಗೆ ಕಾಣುವುದು ಹಣೆಯ ಮೇಲಿಟ್ಟ ಕೈ ಮಾತ್ರ. ಇನ್ನೊಂದು ತಂತ್ರ, ಸವಾಲನ್ನೇ ಹಾಕದಿರುವುದು. ‘ನಿಮ್ಮ ಕೈ ಬಿಗಿದಿದೆ, ಬಗ್ಗಿಸಲಾರಿರಿ’ ಎಂದು ಹೇಳಿ, ‘ಎಲ್ಲಿ, ಬಗ್ಗಿಸಿ ನೋಡಿ’ ಎನ್ನದೆ ಮುಂದಿನ ಐಟಂಗೆ ಹೋಗಿಬಿಡುತ್ತಾರೆ. ಸೋಲುವ ಅವಕಾಶವೇ ಇಲ್ಲದ ಪರೀಕ್ಷೆಯಲ್ಲಿ ಎಲ್ಲರೂ ಪಾಸು.

ಸಭೆಯ ಉಸಿರು ಹಿಡಿಸುವ ಐಟಂ ಎಂದರೆ ಎರಡು ಕುರ್ಚಿಗಳ ನಡುವೆ ಮನುಷ್ಯನನ್ನು ಹಲಗೆಯಂತೆ ಮಲಗಿಸುವುದು. ಒಂದು ಕುರ್ಚಿಯ ಮೇಲೆ ಭುಜ, ಇನ್ನೊಂದರ ಮೇಲೆ ಮೀನಖಂಡ, ನಡುವೆ ಏನೂ ಇಲ್ಲ. ಸಮ್ಮೋಹನದಿಂದ ಬಂದ ಶಕ್ತಿ ಎಂದು ಸಾರುತ್ತಾರೆ. ಆದರೆ ಆರೋಗ್ಯವಂತ ವ್ಯಕ್ತಿ ಪೂರ್ತಿ ಎಚ್ಚರದಲ್ಲೇ ಮೈ ಬಿಗಿಹಿಡಿದು ಸ್ವಲ್ಪ ಹೊತ್ತು ಹಾಗೆ ಮಲಗಬಲ್ಲ. ಪ್ರಯೋಗಗಳಲ್ಲಿ ಇದು ಸಾಬೀತಾಗಿದೆ. ಸಮ್ಮೋಹನ ಬೇಕಾಗಿಯೇ ಇಲ್ಲದ ಐಟಂ ಇದು. ಆದರೂ ಮಲಗಿದವರ ಎದೆಯ ಮೇಲೆ ಇನ್ನೊಬ್ಬರನ್ನು ನಿಲ್ಲಿಸಿದಾಗ ಬೆನ್ನುಮೂಳೆಗೆ ಬೀಳುವ ಭಾರ ಮಾತ್ರ ನಿಜವಾದ ಭಾರ. ವಿದ್ಯೆ ಎಷ್ಟೇ ದೊಡ್ಡದಿರಲಿ, ಇದನ್ನು ಮಾಡಿಸುವುದು ಹೊಣೆಗೇಡಿತನ.

ಹಾಗಾದರೆ ಎಲ್ಲವೂ ನಟನೆಯೇ? ಅದೂ ಅವಸರದ ತೀರ್ಮಾನ. ಸಮ್ಮೋಹನದ ಗುಟ್ಟನ್ನು ಮೊದಲು ಸರಿಯಾಗಿ ಹಿಡಿದವರು ನಮ್ಮ ನೆರೆಯ ಗೋವೆಯವರು. 1756ರಲ್ಲಿ ಕಾಂದೊಳಿಯಲ್ಲಿ ಹುಟ್ಟಿದ ಪಾದ್ರಿ ಅಬ್ಬೆ ಫರಿಯಾ. ಪೋರ್ಚುಗಲ್ಲಿನ ರಾಣಿಯ ಮುಂದೆ ಪ್ರವಚನಕ್ಕೆ ನಿಂತು ಬಾಯಿ ಕಟ್ಟಿದಾಗ, ‘ಇವರೆಲ್ಲ ಬರೀ ಸೊಪ್ಪುಸದೆ, ಕೊಚ್ಚು’ ಎಂಬರ್ಥದ ಕೊಂಕಣಿ ಮಾತನ್ನು ತಂದೆ ಕೆಳಗಿನಿಂದ ಪಿಸುಗುಟ್ಟಿದರಂತೆ. ತಕ್ಷಣ ಅಂಜಿಕೆ ಹೋಗಿ ಮಾತು ಹರಿಯಿತಂತೆ. ಇದು ಐತಿಹ್ಯವಿರಬಹುದು. ಆದರೆ 1813ರಿಂದ ಪ್ಯಾರಿಸ್ಸಿನಲ್ಲಿ ಅವರು ಸಭೆಗಳ ಮುಂದೆ ಸಾರಿದ ತತ್ವ ಐತಿಹ್ಯವಲ್ಲ. ಮಲಗಿಸುವವನ ಕೈಯಿಂದ ಯಾವ ಕಾಂತಶಕ್ತಿಯೂ ಹರಿಯುವುದಿಲ್ಲ, ನಡೆಯುವುದೆಲ್ಲ ಮಲಗುವವನ ಮನಸ್ಸಿನಲ್ಲೇ ಎಂದರು ಅವರು. ಮೂರು ದಶಕಗಳ ಬಳಿಕ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯ ರೋಗಿಗಳನ್ನು ಸಮ್ಮೋಹನದಿಂದಲೇ ಮೈಮರೆಸಿ ದೊಡ್ಡ ಶಸ್ತ್ರಚಿಕಿತ್ಸೆಗಳನ್ನೇ ಮಾಡಿದ. ನೋವು ತಗ್ಗಿಸಲು ಸಮ್ಮೋಹನ ಇಂದಿಗೂ ವೈದ್ಯರ ಕೈಯಲ್ಲಿ ಉಪಯೋಗಕ್ಕೆ ಬರುತ್ತಿದೆ.

ಅಂದರೆ ಅನುಭವ ನಿಜ, ಅದರ ಒಡೆಯರು ಯಾರು ಎಂಬ ವಿಷಯದಲ್ಲಿ ಮಾತ್ರ ಸುಳ್ಳು. ‘ನಿಮ್ಮ ಮನಸ್ಸು ಈಗ ನನ್ನ ವಶದಲ್ಲಿದೆ’ ಎಂದು ವೇದಿಕೆಯಿಂದ ಘೋಷಿಸುವಾಗ ಫರಿಯಾ ಇನ್ನೂರು ವರ್ಷಗಳ ಹಿಂದೆ ಬಿಡಿಸಿಟ್ಟ ಸತ್ಯವನ್ನು ಮತ್ತೆ ಮುಚ್ಚಿದಂತಾಗುತ್ತದೆ. ನಮ್ಮ ಸಮಾಜದಲ್ಲಿ ಈ ಸುಳ್ಳಿಗೆ ಬೆಲೆ ಇದೆ. ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ, ಪತ್ರಿಕೆಗಳ ಮೂಲೆಗಳಲ್ಲಿ ‘ಸ್ತ್ರೀ ವಶೀಕರಣ’ದ ಜಾಹೀರಾತುಗಳು ಇನ್ನೂ ಕಾಣುತ್ತವೆ. ಒಬ್ಬರ ಇಚ್ಛೆಯನ್ನು ಇನ್ನೊಬ್ಬರು ಕಿತ್ತುಕೊಳ್ಳಬಹುದು ಎಂಬ ನಂಬಿಕೆಯೇ ಆ ದಂಧೆಯ ಬಂಡವಾಳ. ಮಗಳು ತಾನೇ ಮೆಚ್ಚಿ ಮದುವೆಯಾದರೂ ‘ಯಾರೋ ವಶ ಮಾಡಿಕೊಂಡರು’ ಎನ್ನುವ ಮನೆಗಳು ನಮ್ಮ ನಡುವೆ ಇವೆ. ಟಿಕೆಟ್ ಕೊಟ್ಟು ನೋಡಿದ ಆಟ ಆ ನಂಬಿಕೆಗೆ ನೀರೆರೆದರೆ ಅದನ್ನು ಬರೀ ಮನರಂಜನೆ ಎಂದು ಬಿಟ್ಟುಬಿಡಲಾಗದು.

ವಶವಲ್ಲದಿದ್ದರೆ ಜನ ಅಷ್ಟೆಲ್ಲ ಏಕೆ ಮಾಡುತ್ತಾರೆ? 1965ರಲ್ಲಿ ಓರ್ನ್ ಮತ್ತು ಇವಾನ್ಸ್ ಒಂದು ಪ್ರಯೋಗ ಮಾಡಿದರು. ಸಮ್ಮೋಹನಕ್ಕೊಳಗಾದವರು ಆಮ್ಲವೆಂದು ತಾವು ತಿಳಿದದ್ದನ್ನು ಹೇಳಿದ ಕೂಡಲೇ ಎದುರಿದ್ದವರ ಮುಖಕ್ಕೆ ಎರಚಿದರು. ಆದರೆ ಸಮ್ಮೋಹನಕ್ಕೆ ಒಳಗಾಗದೆ ಹಾಗೆ ನಟಿಸುತ್ತಿದ್ದವರೂ ಎರಚಿದರು. ಇದು ವಿಶ್ವವಿದ್ಯಾಲಯದ ಪ್ರಯೋಗ, ಯಾರಿಗೂ ಏನೂ ಆಗಲು ಬಿಡುವುದಿಲ್ಲ ಎಂಬ ವಿಶ್ವಾಸ ಇಬ್ಬರಿಗೂ ಇತ್ತು. ವೇದಿಕೆಯಲ್ಲೂ ಅಷ್ಟೇ. ಈರುಳ್ಳಿಯನ್ನು ಸೇಬೆಂದು ಕಚ್ಚಿ ತಿನ್ನುವ ಹುಡುಗನ ಕಣ್ಣಲ್ಲಿ ನೀರು ಬರುತ್ತಿರುತ್ತದೆ, ಆದರೂ ಅವನು ನಿಲ್ಲಿಸುವುದಿಲ್ಲ. ಮುಂದಿನ ಸಾಲಿನಲ್ಲಿ ಗೆಳೆಯರಿದ್ದಾರೆ, ದೀಪವೆಲ್ಲ ತನ್ನ ಮೇಲಿದೆ, ಆಟ ಕೆಡಿಸಿದವನು ಎನಿಸಿಕೊಳ್ಳಲು ಅವನಿಗೆ ಇಷ್ಟವಿಲ್ಲ. ಪ್ರದರ್ಶಕರು ಬಳಸಿಕೊಳ್ಳುವುದು ಈ ವಿಶ್ವಾಸವನ್ನೂ ಈ ಸಂಕೋಚವನ್ನೂ. ಹಾಗಾಗಿಯೇ ಅವರ ಹೊಣೆ ದೊಡ್ಡದು.

ಅಪಾಯದ ಮಾತಿಗೆ ಬಂದರೆ ಭಯ ಹುಟ್ಟಿಸುವ ಅಗತ್ಯವಿಲ್ಲ. ಬ್ರಿಟನ್ನಿನಲ್ಲಿ 1952ರಿಂದ ಇದಕ್ಕೆಂದೇ ಕಾಯ್ದೆ ಇದೆ. ಮೊದಲು 21, ನಂತರ 18 ವರ್ಷದೊಳಗಿನವರನ್ನು ವೇದಿಕೆಯಲ್ಲಿ ಸಮ್ಮೋಹನಕ್ಕೆ ಒಳಪಡಿಸುವುದನ್ನು ಅದು ನಿಷೇಧಿಸಿತು. 1990ರ ದಶಕದಲ್ಲಿ ದೂರುಗಳು ಬಂದಾಗ ಅಲ್ಲಿನ ಸರ್ಕಾರ ತಜ್ಞರಿಂದ ಪರಿಶೀಲನೆ ಮಾಡಿಸಿತು. ಭಾಗವಹಿಸಿದವರಿಗೆ ಗಂಭೀರ ಅಪಾಯವಿದೆ ಎನ್ನಲು ಪುರಾವೆ ಸಿಗಲಿಲ್ಲ. ಪ್ರದರ್ಶನದಿಂದ ಮನೋರೋಗ ಬಂತೆಂದು ಹೂಡಿದ ಪ್ರಸಿದ್ಧ ದಾವೆಯೊಂದು 1998ರಲ್ಲಿ ಬಿದ್ದುಹೋಯಿತು. ಆದರೆ ವೇದಿಕೆಯ ಮೇಲೆ ಬಾಲ್ಯಕ್ಕೆ ಕರೆದೊಯ್ದಿದ್ದರಿಂದ ಹಳೆಯ ಗಾಯ ಕೆದಕಿ ನರಳಿದ ಮಹಿಳೆಯೊಬ್ಬರಿಗೆ 2001ರಲ್ಲಿ ಅಲ್ಲಿನ ನ್ಯಾಯಾಲಯ ಪರಿಹಾರ ಕೊಡಿಸಿತು. ಕೈ ಅಂಟಿಸುವ ಆಟ ಆಟವೇ. ಒಬ್ಬರ ಬಾಲ್ಯವನ್ನು ನೂರಾರು ಜನರ ನಗುವಿಗಾಗಿ ಕೆದಕುವುದು ಆಟವಲ್ಲ.

ಆ ನ್ಯಾಯಾಲಯಗಳ ಕಾಲದಲ್ಲಿ ಇಲ್ಲದ ಇನ್ನೊಂದು ಹಾನಿ ಈಗ ಸೇರಿದೆ. ಪ್ರತಿ ಸಾಲಿನಲ್ಲೂ ಮೊಬೈಲ್ ಎತ್ತಿಹಿಡಿದವರಿದ್ದಾರೆ. ಸಭೆ ಹತ್ತು ನಿಮಿಷ ನಕ್ಕು ಮರೆಯುವುದು ರೀಲ್ ಆಗಿ ವರ್ಷಗಟ್ಟಲೆ ಉಳಿಯುತ್ತದೆ. ಹೀಗೆ ಸಿಕ್ಕಿಕೊಳ್ಳುವವರಲ್ಲಿ ಹುಡುಗಿಯರಿಗೆ ಆಗುವ ಪಾಡು ಹೆಚ್ಚು.

ನಮ್ಮಲ್ಲಿ ಬ್ರಿಟನ್ನಿನಂಥ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಅಪಾಯವನ್ನು ಪರೀಕ್ಷಿಸಿ ನೋಡುವ ಹಟಕ್ಕೆ ಮಾದರಿ ನಮ್ಮಲ್ಲೇ ಇದೆ. ಮೈಮರೆಸುವ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸಲು 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೂತ ನಗರ ಹೈದರಾಬಾದ್. ಎರಡನೆಯದಕ್ಕೆ ನಿಜಾಮರೇ ಹಣ ಕೊಟ್ಟರು. ಆ ಆಯೋಗಗಳ ತೀರ್ಮಾನವನ್ನು ಮುಂದೆ ಹಲವರು ಪ್ರಶ್ನಿಸಿದರು, ಆದರೆ ಪರೀಕ್ಷಿಸಬೇಕು ಎಂಬ ಹಟ ಸರಿಯಾಗಿತ್ತು. ಸಭಾಂಗಣ ಬಾಡಿಗೆಗೆ ಕೊಡುವವರೂ ಕಾಲೇಜಿಗೆ ಪ್ರದರ್ಶಕರನ್ನು ಕರೆಸುವವರೂ ಆ ಹಟದಲ್ಲಿ ಒಂದು ಪಾಲನ್ನಾದರೂ ತೋರಿಸಲಿ. ಮಕ್ಕಳನ್ನು ಮೇಲೆ ಕರೆಯಬಾರದು, ಬಾಲ್ಯಕ್ಕೆ ಕರೆದೊಯ್ಯಬಾರದು, ಹಲಗೆಯ ಐಟಂ ಬೇಡ, ಕೊಟ್ಟ ಸೂಚನೆಗಳನ್ನೆಲ್ಲ ಹಿಂತೆಗೆದ ಮೇಲೆಯೇ ಕೆಳಗೆ ಕಳಿಸಬೇಕು ಎಂದು ಮೊದಲೇ ಬರೆಸಿಕೊಳ್ಳಲಿ.

ನನ್ನ ತೀರ್ಪು ಇದು. ನೀವು ಹದಿನೆಂಟು ದಾಟಿದವರು, ಕುಡಿದಿಲ್ಲ, ಮೂರ್ಛೆರೋಗವಾಗಲಿ ಮನೋರೋಗದ ಚಿಕಿತ್ಸೆಯಾಗಲಿ ಇಲ್ಲ, ಯಾರೂ ತಳ್ಳದೆ ನೀವಾಗಿಯೇ ಏಳುತ್ತಿದ್ದೀರಿ, ಜೊತೆಗೆ ನಂಬಿಕಸ್ಥರೊಬ್ಬರು ಇದ್ದಾರೆ ಎಂದಾದರೆ ಧಾರಾಳವಾಗಿ ಹೋಗಿ. ಮನಸ್ಸಿನ ವಿಚಿತ್ರ ಶಕ್ತಿಯೊಂದನ್ನು ಒಳಗಿನಿಂದಲೇ ಕಂಡು ಬರುತ್ತೀರಿ. ಇವುಗಳಲ್ಲಿ ಒಂದು ತಪ್ಪಿದರೂ ಕೂತಲ್ಲೇ ಕೂತು ನೋಡಿ. ಹೋದವರು ಒಂದನ್ನು ಮರೆಯಬೇಡಿ: ಸಾಕು ಎನಿಸಿದ ಕ್ಷಣ ಕಣ್ಣು ತೆರೆದು ಎದ್ದು ಬರಬಹುದು. ಹಾಗೆ ಎದ್ದು ಬಂದರೆ ಕೆಡುವುದು ಒಂದು ಐಟಂ ಮಾತ್ರ.