ಮನೆ ತೆರವಾಗುವ ದಿನ

ಬೆಂಗಳೂರಿನಲ್ಲಿ ನಾಲ್ಕು ಮನೆಗಳನ್ನು ಕಟ್ಟಿಸಿ ಅವುಗಳ ಬಾಡಿಗೆಯಿಂದ ಉತ್ತರವಯಸ್ಸನ್ನು ನಿಶ್ಚಿಂತೆಯಿಂದ ಕಳೆಯಬೇಕೆಂಬ ಸಂಕಲ್ಪವುಳ್ಳವರು ನಿವೇಶನದ ಬೆಲೆಯನ್ನೂ ಸಾಲದ ಬಡ್ಡಿಯನ್ನೂ ಮೆಟ್ರೋ ನಿಲ್ದಾಣದ ದೂರವನ್ನೂ ಬಹು ಸೂಕ್ಷ್ಮವಾಗಿ ಗಣಿಸುತ್ತಾರಾದರೂ, ಬಾಡಿಗೆದಾರರ ಸದ್ಭಾವವೆಂಬ ಬಾಬಿಗೆ ಅವರ ಲೆಕ್ಕದ ಪುಸ್ತಕದಲ್ಲಿ ಸ್ಥಳವಿರುವುದಿಲ್ಲ. ಯುಗಾದಿಗೆ ಹೋಳಿಗೆ ಕಳುಹಿಸಿ, ಮೆಟ್ಟಿಲಿನಲ್ಲಿ ಎದುರಾದಾಗ ಕುಶಲಪ್ರಶ್ನೆ ಮಾಡಿದರೆ ಅದು ತಾನಾಗಿ ಒದಗುವುದೆಂದು ನಂಬಿದವರೂ ಉಂಟು. ಕುಶಲಪ್ರಶ್ನೆಗೆ ನನ್ನ ಆಕ್ಷೇಪವಿಲ್ಲ, ಆದರೆ ಅದು “ನಿನ್ನೆ ರಾತ್ರಿ ಬಂದಿದ್ದವರು ಯಾರು?” ಎಂಬಲ್ಲಿಗೆ ಮುಟ್ಟಿತೆಂದರೆ ಹೋಳಿಗೆಯ ರುಚಿ ಅಷ್ಟಕ್ಕೇ ಮುಗಿಯಿತು. ಬಾಡಿಗೆಯನ್ನು ಸಲ್ಲಿಸಿ ಕರಾರನ್ನು ಪಾಲಿಸುವವನು ನಿರಾತಂಕವಾಗಿ ಮನೆಯನ್ನು ಅನುಭವಿಸತಕ್ಕವನೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮವೇ ಹೇಳಿರುವಾಗ ಮಾಲೀಕನ ಕುತೂಹಲಕ್ಕೆ ಅಲ್ಲಿ ಅವಕಾಶವೆಲ್ಲಿ?

ಮಾಲೀಕನ ಗುಣವು ನಿರ್ಣಯವಾಗುವುದು ಬಾಡಿಗೆದಾರನು ಹಾಲು ಉಕ್ಕಿಸಿ ಒಳಬರುವ ದಿನವಲ್ಲ, ಸಾಮಾನು ಕಟ್ಟಿ ಹೊರಡುವ ದಿನ ಎಂಬುದು ನನ್ನ ಅಭಿಪ್ರಾಯ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಪಡೆಯುವ ಪದ್ಧತಿ ಈ ಊರಿನಲ್ಲಿ ಬಹುಕಾಲದಿಂದ ಬಂದದ್ದು. 2021ರ ಮಾದರಿ ಬಾಡಿಗೆ ಅಧಿನಿಯಮವು ವಾಸದ ಮನೆಗೆ ಎರಡು ತಿಂಗಳ ಮೊತ್ತವೇ ಮಿತಿಯೆಂದಿತು; ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿಯಷ್ಟೆ. ಹೀಗೆ ಕೈಸೇರಿದ ದೊಡ್ಡ ಮೊತ್ತವು ಮಗಳ ಮದುವೆಗೋ ಮೇಲಂತಸ್ತಿನ ಮೋಲ್ಡಿಗೋ ವ್ಯಯವಾಗಿ, ಹೊರಡುವ ದಿನ ಬಂದಾಗ “ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ಮೇಲೆ ಕೊಡೋಣ” ಎಂಬ ಉತ್ತರವಾಗಿ ಪರಿಣಮಿಸುತ್ತದೆ. ಆ ಹಣವನ್ನೇ ನೆಚ್ಚಿ ಇನ್ನೊಂದು ಮನೆಗೆ ಮಾತು ಕೊಟ್ಟ ಗೃಹಸ್ಥನ ಪಾಡನ್ನು ವರ್ಣಿಸಬೇಕಾಗಿಲ್ಲ. ಅದು ಪರರ ಹಣ; ಬ್ಯಾಂಕಿನ ಠೇವಣಿಯಲ್ಲಿದ್ದು, ಬೀಗದ ಕೈ ಹಿಂದಿರುಗಿದ ಗಳಿಗೆಯಲ್ಲೇ ಹಿಂದಿರುಗತಕ್ಕದ್ದು.

ಬಣ್ಣದ ವಿಚಾರವಂತೂ ಇನ್ನೊಂದು ವ್ಯಾಜ್ಯ. ಐದು ವರ್ಷ ಸಂಸಾರ ನಡೆದ ಗೋಡೆ ಮಾಸದೆ ಏನಾದೀತು? ಆದರೂ ಒಂದು ತಿಂಗಳ ಬಾಡಿಗೆಯನ್ನು ಕಣ್ಣು ಮುಚ್ಚಿ ಮುರಿದುಕೊಳ್ಳುವವರೇ ಬಹುಮಂದಿ. ಮುರಿಯುವುದೇ ಆದರೆ ನೋಂದಣಿಯ ಗೊಡವೆಯನ್ನು ತಪ್ಪಿಸುವುದಕ್ಕೆಂದು ರೂಢಿಗೆ ಬಂದ ಆ 11 ತಿಂಗಳ ಕರಾರುಪತ್ರದಲ್ಲಿ ಮೊದಲೇ ಕಾಣಿಸಿ, ಒಳಬರುವ ದಿನ ಇಬ್ಬರೂ ಕೂಡಿ ನಲ್ಲಿ, ಕಿಟಕಿ, ಸಿಂಕುಗಳ ಸ್ಥಿತಿಯನ್ನು ಬರೆದಿಟ್ಟುಕೊಂಡರೆ ಕೊನೆಯ ದಿನ ಜಗಳಕ್ಕೆ ವಸ್ತುವೇ ಉಳಿಯದು.

ಇದು ಔದಾರ್ಯದ ಮಾತಲ್ಲ, ಲಾಭದ ಮಾತು. 20,000 ರೂಪಾಯಿ ಬಾಡಿಗೆಯ ಮೇಲೆ ನೂರಕ್ಕೆ ಐದರಂತೆ ಏರಿಸಿದರೆ ವರ್ಷಕ್ಕೆ ಬರುವುದು 12,000. ಆ ಹಟಕ್ಕೆ ಮನೆ ಒಂದೇ ತಿಂಗಳು ಖಾಲಿ ಬಿದ್ದರೆ ಹೋಗುವುದು 20,000. ತೆರವಾದದ್ದು ಆಷಾಢದ ಹೊಸ್ತಿಲಲ್ಲಾದರೆ ಶ್ರಾವಣದವರೆಗೆ ಒಳಬರಲೊಲ್ಲದ ಕುಟುಂಬಗಳು ಇಂದಿಗೂ ಅನೇಕ. ಅಲ್ಲದೆ ಮನೆ ನೋಡಲು ಬಂದವರು ಅಡುಗೆಮನೆಯಲ್ಲಿ ತಗ್ಗಿದ ಸ್ವರದಲ್ಲಿ ಕೇಳುವ “ನೀರು ಹೇಗೆ? ಓನರ್ ಹೇಗೆ?” ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವವನು ಹೊರಡಲಿರುವ ಬಾಡಿಗೆದಾರನೇ ಹೊರತು ದಲ್ಲಾಳಿಯಲ್ಲ.

ಆ ಮೊದಲನೆಯ ಪ್ರಶ್ನೆಯ ಭಾರ 2024ರ ಬೇಸಿಗೆಯಲ್ಲಿ ಎಲ್ಲರಿಗೂ ತಿಳಿಯಿತು. ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಗಿ ಬಂದ ಆ ದಿನಗಳಲ್ಲಿ, ಪ್ರತಿಯೊಂದು ಟ್ಯಾಂಕರಿನ ಚೀಟಿಯನ್ನೂ ಮೆಟ್ಟಿಲ ಬಳಿಯ ಗೋಡೆಗೆ ಅಂಟಿಸಿ ತನ್ನ ಪಾಲನ್ನೂ ಸೇರಿಸಿ ಹಂಚಿದ ಮಾಲೀಕನಿಗೂ, ತಿಂಗಳ ಕೊನೆಗೆ ಬಾಯಿಗೆ ಬಂದ ಒಂದು ಸಂಖ್ಯೆಯನ್ನು ಹೇಳಿದವನಿಗೂ ಕೊಟ್ಟ ಹಣ ಸಮವೇ ಆಗಿದ್ದೀತು. ಕೊಟ್ಟವರ ಮುಖ ಸಮವಾಗಿರಲಿಲ್ಲ.

ಬಾಡಿಗೆದಾರನಲ್ಲದ ಇತರರೂ ಇದ್ದಾರೆ: ಕಸದ ಗಾಡಿಯವರು, ವಾಲ್ವ್ ತಿರುಗಿಸುವವನು, ತನ್ನ ಗೇಟಿನ ಮುಂದೆ ನಿಂತ ಸ್ಕೂಟರಿಗಾಗಿ ಕ್ರುದ್ಧನಾಗುವ ಪಕ್ಕದ ಮನೆಯವನು. ಇವರೆಲ್ಲರಲ್ಲಿ ನಾನು ಅಗ್ರಪೂಜೆಯನ್ನು ಸಲ್ಲಿಸುವುದು ಪ್ಲಂಬರನಿಗೆ. ಕೂಲಿಯನ್ನು “ಮುಂದಿನ ಸಲ ಸೇರಿಸಿ ಕೊಡ್ತೀನಪ್ಪ” ಎನ್ನದೆ ಅಂದೇ ಎಣಿಸಿಕೊಡುವವನ ಮನೆಗೆ ಅವನು ಭಾನುವಾರ ಸಂಜೆಯಲ್ಲಿಯೂ ಬರುತ್ತಾನೆ. ಬಂದು, ಸೋರುವ ನಲ್ಲಿಯ ವಾಷರು ಸವೆದಿದೆಯೋ, ಗೋಡೆಯೊಳಗಿನ ಪೈಪೇ ಒಡೆದಿದೆಯೋ, ಖರ್ಚು ಯಾರ ಪಾಲಿಗೆ ಬರತಕ್ಕದ್ದು ಎಂಬುದನ್ನು ಇಬ್ಬರ ಎದುರಿಗೂ ದಾಕ್ಷಿಣ್ಯವಿಲ್ಲದೆ ಹೇಳಿಹೋಗುತ್ತಾನೆ.