‘ಸೂಪರ್’ ಎಂದರೆ ಏನು ಹೇಳಿದಂತಾಯಿತು? ಕುಸ್ವಾರಿನ ತಟ್ಟೆ ಮತ್ತು ರುಚಿಯ ವಿಮರ್ಶೆ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಉಡುಪಿ ಕಡೆಯವರ ಫೋನುಗಳಲ್ಲಿ ಒಂದು ಬಗೆಯ ವಿಡಿಯೊ ಓಡಾಡತೊಡಗುತ್ತದೆ. ಮೇಜಿನ ಮೇಲೆ ಕುಸ್ವಾರಿನ ತಟ್ಟೆ, ಪಕ್ಕದಲ್ಲಿ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು, ವೈನು ಮುಟ್ಟದವರಿಗೆ ಪುನರ್ಪುಳಿ ಶರಬತ್ತು. ಎದುರು ಕುಳಿತ ಹುಡುಗನೋ ಹುಡುಗಿಯೋ ಒಂದೊಂದನ್ನೇ ಬಾಯಿಗಿಟ್ಟು ತೀರ್ಪು ಕೊಡುತ್ತಾರೆ: ‘ಸೂಪರ್’, ‘ಬೆಂಕಿ’, ‘ಬೇರೆ ಲೆವೆಲ್’. ಕೊನೆಗೆ ಹತ್ತಕ್ಕೆ ಒಂಬತ್ತು ಅಂಕ. ಅರ್ಧ ನಿಮಿಷದಲ್ಲಿ ಮುಗಿಯುವ ಈ ವಿಡಿಯೊಗಳನ್ನು ನೋಡಿ ನಕ್ಕು ಮುಂದೆ ಹೋಗಬಹುದು. ಆದರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಸವಿದು, ಸವಿದದ್ದನ್ನು ಮೂರನೆಯವರಿಗೆ ತಿಳಿಸುವ ಕೆಲಸವನ್ನು ನಾವು ವಿಮರ್ಶೆ ಎಂದೇ ಕರೆಯುತ್ತೇವೆ. ಹಾಗಿದ್ದ ಮೇಲೆ ಪುಸ್ತಕ ವಿಮರ್ಶೆಗೆ ಕೇಳುವ ಪ್ರಶ್ನೆಗಳನ್ನು ಇದಕ್ಕೂ ಕೇಳಬೇಕು. ಕೇಳಿದವರಿಗೆ ಏನು ತಿಳಿಯಿತು? ಮಾಡಿದವರಿಗೆ ಏನು ಸಿಕ್ಕಿತು?

ಈ ಪ್ರಶ್ನೆಗಳನ್ನು ಕಲ್ಯಾಣಪುರದ ತಟ್ಟೆಯ ಮುಂದಿಟ್ಟು ನೋಡೋಣ. ಉಡುಪಿಯಿಂದ ಉತ್ತರಕ್ಕೆ, ಸುವರ್ಣಾ ನದಿಯ ಪಕ್ಕದ ಈ ಊರಿನ ಮಿಲಾಗ್ರಿಸ್ ಇಗರ್ಜಿಯ ಚರಿತ್ರೆ 1678ರಿಂದ ಶುರುವಾಗುತ್ತದೆ. 2012ರಲ್ಲಿ ಉಡುಪಿ ಧರ್ಮಪ್ರಾಂತ ಬೇರೆಯಾದಾಗ ಅದೇ ಪ್ರಧಾನ ದೇವಾಲಯವಾಯಿತು. ಕ್ರಿಸ್ಮಸ್ಸಿಗೆ ಇಲ್ಲಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಆಗುವ ತಿಂಡಿಗಳ ಒಟ್ಟು ಹೆಸರು ಕುಸ್ವಾರ್: ಎಳ್ಳು-ಕೊಬ್ಬರಿಯ ಹೂರಣದ ನೆವ್ರ್ಯೊ, ಸಕ್ಕರೆ ಪಾಕದಲ್ಲಿ ಹೊರಳಿಸಿದ ಕಿಡಿಯೊ, ಅಚ್ಚಿನಲ್ಲಿ ಅದ್ದಿ ಕರಿದ ಹೂವಿನಾಕಾರದ ಕೊಕ್ಕಿಸಾಂ, ಜತೆಗೆ ತುಕ್ಡಿ, ಚಕ್ಕುಲಿ, ಲಾಡು. ಒಂದು ಪಾಲು ಮನೆಗೆ, ಇನ್ನೊಂದು ಪಾಲು ನೆರೆಮನೆಗಳಿಗೆ. ಅಷ್ಟಮಿಗೆ ಉಂಡೆ-ಚಕ್ಕುಲಿ ಹೋದ ಮನೆಯಿಂದ ಕ್ರಿಸ್ಮಸ್ಸಿಗೆ ಕುಸ್ವಾರ್ ಬರುತ್ತದೆ. ಬಂದ ತಟ್ಟೆ ಬರಿದಾಗಿ ಹಿಂದಿರುಗುವ ಪದ್ಧತಿ ಇಲ್ಲ.

ಈ ತಟ್ಟೆಗೆ ‘ಸೂಪರ್’ ಎಂದರೆ ಯಾವುದಕ್ಕೆ ಎಂದಂತಾಯಿತು? ನೆವ್ರ್ಯೊದ ಗರಿ, ಕಿಡಿಯೊದ ಕಟುಂಕು, ವೈನಿನ ಒಗರು ಎಲ್ಲಕ್ಕೂ ಒಂದೇ ಮಾತು ಸಲ್ಲುವುದಾದರೆ ಆ ಮಾತಿನಲ್ಲಿ ತಿಂಡಿ ಇಲ್ಲ, ತಿಂದವನ ಸಂತೋಷ ಮಾತ್ರ ಇದೆ. ಸಂತೋಷ ತಪ್ಪಲ್ಲ. ಅದನ್ನು ವಿಮರ್ಶೆ ಎಂದು ಕರೆದಾಗ ತೊಡಕು ಶುರುವಾಗುತ್ತದೆ.

ಇದಕ್ಕೆ ಪರಿಹಾರವಾಗಿ ಕೆಲವರು ವೈನ್ ಪರಿಣತರ ಭಾಷೆಯನ್ನು ತರುತ್ತಾರೆ. ಆ ಭಾಷೆಯ ಹಿಂದೆ ಗಂಭೀರವಾದ ಕೆಲಸವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿದ್ದ ಆನ್ ನೋಬಲ್ 1984ರಲ್ಲಿ ‘ವೈನ್ ಪರಿಮಳ ಚಕ್ರ’ವನ್ನು ಪ್ರಕಟಿಸಿದರು. ಚಕ್ರದ ನಡುವೆ ಹಣ್ಣು, ಹೂವು, ಮಸಾಲೆಗಳಂಥ ದೊಡ್ಡ ಗುಂಪುಗಳು, ಅಂಚಿಗೆ ಹೋದಂತೆ ನಿರ್ದಿಷ್ಟ ವಾಸನೆಗಳು. ‘ಸೊಗಸಾಗಿದೆ’ ಎಂಬಂಥ ಮಾತು ಬಿಡಿ, ಮೂಗಿಗೆ ಬಂದದ್ದನ್ನು ಹೆಸರಿಸಿ ಎಂಬುದು ಅವರ ಒತ್ತಾಯ. ಒತ್ತಾಯ ಸರಿಯಾದದ್ದೇ. ಆದರೆ ಅಂಚಿನಲ್ಲಿರುವ ಬ್ಲ್ಯಾಕ್‌ಬೆರಿಯನ್ನು ಕಲ್ಯಾಣಪುರದಲ್ಲಿ ಎಷ್ಟು ಜನ ಮೂಸಿದ್ದಾರೆ? ಕುಂಟುನೇರಳೆ ತಿಂದು ನಾಲಿಗೆ ನೇರಳೆ ಮಾಡಿಕೊಂಡವರು ಬ್ಲ್ಯಾಕ್‌ಬೆರಿಯ ಹೆಸರು ಹೇಳಿದರೆ ಅದು ಮೂಗಿನ ಮಾತಲ್ಲ, ಓದಿನ ಮಾತು.

ಪರಿಣತರ ಮೂಗೂ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಉಳಿದೇ ಇದೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗವೊಂದರಲ್ಲಿ ಬೋರ್ಡೊ ನಗರದ 54 ವೈನ್‌ಶಾಸ್ತ್ರ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಡಲಾಯಿತು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಕಣ್ಣು ಕಂಡದ್ದನ್ನೇ ಮೂಗು ಒಪ್ಪಿಕೊಂಡಿತ್ತು. ನಮ್ಮ ಮೇಜಿನ ಮೇಲೆ ಈ ಪಾಠಕ್ಕೆ ಸಿದ್ಧ ಉದಾಹರಣೆಯಿದೆ. ಪುನರ್ಪುಳಿ ಶರಬತ್ತಿಗೂ ಮನೆಯ ವೈನಿಗೂ ಹೆಚ್ಚುಕಡಿಮೆ ಒಂದೇ ಬಣ್ಣ. ಶರಬತ್ತನ್ನು ‘ವೈನಿನ ಹಾಗೇ ಇದೆ’ ಎಂದು ಹೊಗಳುವವರು ಬಣ್ಣವನ್ನು ಕುಡಿಯುತ್ತಿದ್ದಾರೆ. ಕಣ್ಣು ಮುಚ್ಚಿ ಕುಡಿದರೆ ಎರಡೂ ಬೇರೆ ದಾರಿ ಹಿಡಿಯುತ್ತವೆ. ಪುನರ್ಪುಳಿಯ ಹುಳಿ ನಾಲಿಗೆಯ ಬದಿಗಳಿಗೆ ತಟ್ಟನೆ ಬಡಿದು ಬಾಯಲ್ಲಿ ನೀರೂರಿಸುತ್ತದೆ, ಬೇಗ ಇಳಿದುಹೋಗುತ್ತದೆ. ವೈನು ಸಿಹಿಯಾಗಿ ಬಂದು, ದ್ರಾಕ್ಷಿಯ ಸಿಪ್ಪೆಯ ಒಗರಿನಿಂದ ಬಾಯಿ ಒಣಗಿಸಿ, ಗಂಟಲಲ್ಲಿ ಬಿಸಿಯಾಗಿ ನಿಲ್ಲುತ್ತದೆ. ಶರಬತ್ತು ವೈನಿನ ಬಡ ತಮ್ಮನಲ್ಲ, ಅದಕ್ಕೆ ಅದರದೇ ನಡೆಯಿದೆ.

ಹಾಗಾದರೆ ಪದಗಳನ್ನು ಎಲ್ಲಿಂದ ತರಬೇಕು? ಅಡುಗೆಮನೆಯಿಂದ ಎಂಬುದು ನನ್ನ ಉತ್ತರ. ಒಗರು, ಕನರು, ಕಮಟು, ಮುಗ್ಗಲು, ಘಾಟು, ಸೊಗಡು, ಸಪ್ಪೆ, ಹಳಸಲು: ಇವುಗಳಲ್ಲಿ ಹೆಚ್ಚಿನವು ಇನ್ನೊಂದು ವಸ್ತುವಿನ ಹೋಲಿಕೆಯನ್ನು ಬೇಡುವುದಿಲ್ಲ. ಕಮಟು ಎಂದರೆ ಕಮಟು, ಕೊಬ್ಬರಿಗೂ ಅದೇ, ತುಪ್ಪಕ್ಕೂ ಅದೇ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಈ ಮಾತುಗಳು ರುಚಿಯನ್ನು ಹೇಳುವಾಗಲೇ ಕೆಲಸ ಎಲ್ಲಿ ನಿಂತಿತು ಎಂಬುದನ್ನೂ ಹೇಳುತ್ತವೆ. ನೆವ್ರ್ಯೊ ನಾಲ್ಕೇ ದಿನಕ್ಕೆ ಕಮಟಾಯಿತು ಎಂದರೆ ಕೊಬ್ಬರಿ ಸಾಕಷ್ಟು ಹುರಿದಿರಲಿಲ್ಲ, ಅಥವಾ ಹಳೆಯದಿತ್ತು. ಎಣ್ಣೆ ಕುಡಿದಿದೆ ಎಂದರೆ ಬಾಣಲೆ ಕಾಯುವ ಮೊದಲೇ ಬಿಟ್ಟಿದ್ದಾರೆ. ಕಿಡಿಯೊ ಕೈಗೆ ಅಂಟಿದರೆ ಪಾಕ ಎಳೆಯದು, ಬಿಳಿ ಪುಡಿ ಉದುರಿದರೆ ಪಾಕ ಮೀರಿದೆ. ವೈನು ಕಹಿಯಾದರೆ ದ್ರಾಕ್ಷಿ ಹಿಚುಕುವಾಗ ಬೀಜ ಒಡೆದಿದೆ. ಭರಣಿಯಲ್ಲಿ ದಿನವೂ ಕೈಯಾಡಿಸಿ ಸುಮಾರು 21 ದಿನ ಕಾದು ಸೋಸಿದ ಮೇಲೂ ಹುದುಗಿದ ಹಿಟ್ಟಿನ ವಾಸನೆ ಬಂದರೆ ಯೀಸ್ಟು ತಳಕ್ಕಿಳಿಯುವ ಮೊದಲೇ ಬಾಟಲಿ ತುಂಬಿದ್ದಾರೆ. ಗಾಳಿ ಹೊಕ್ಕರೆ ವೈನು ವಿನೆಗರಿನ ಕಡೆಗೆ ತಿರುಗುತ್ತದೆ. ಅದನ್ನು ಮೊದಲು ಹಿಡಿಯುವುದು ಮೂಗಿನ ಚುರುಕು.

ಇದು ಮಾಡುವವರ ಭಾಷೆ, ಮತ್ತು ಇದಕ್ಕೆ ಹಳೆಯ ಬೇರುಗಳಿವೆ. ಚಾವುಂಡರಾಯ 11ನೆಯ ಶತಮಾನದ ತನ್ನ ‘ಲೋಕೋಪಕಾರ’ದಲ್ಲಿ ಅಡುಗೆಗೂ ಜಾಗ ಕೊಟ್ಟ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನೇ ಷಟ್ಪದಿಯಲ್ಲಿ ಬರೆದು, ಹಿಟ್ಟಿನ ಭಕ್ಷ್ಯಗಳಿಗೂ ಪಾನಕಗಳಿಗೂ ಬೇರೆ ಬೇರೆ ಅಧ್ಯಾಯ ಮಾಡಿದ. ಇವರು ರುಚಿಯನ್ನು ಹೇಳುವುದು ಹೆಚ್ಚಾಗಿ ಮಾಡುವ ಕ್ರಮದ ಮೂಲಕವೇ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ನೆನಪು ಬರಬೇಕು: ‘ಪಾಕ’ ಕಾವ್ಯಮೀಮಾಂಸೆಯ ಪದವೂ ಹೌದು. ರಾಜಶೇಖರ ಕಾವ್ಯಪಾಕವನ್ನು ಬೇವಿನಿಂದ ತೆಂಗಿನವರೆಗೆ ಒಂಬತ್ತು ಬಗೆಯಾಗಿ ವಿಂಗಡಿಸಿದ್ದು, ಮೊದಲ ಸವಿ ಹೇಗೆ, ಕೊನೆಯ ಸವಿ ಹೇಗೆ ಎಂಬುದರ ಮೇಲೆ. ಅವನ ಪ್ರಕಾರ ದ್ರಾಕ್ಷಿಯದು ಮೊದಲು ಹಿಡಿಸದೆ ಕೊನೆಗೆ ಸವಿಯಾಗುವ ಪಾಕ, ಅಡಿಕೆಯದು ಇದಕ್ಕೆ ತಿರುಗುಮುರುಗು. ಮೊದಲ ಐವತ್ತು ಪುಟ ರುಚಿಸಿ ಕೊನೆಗೆ ಬಾಯಿ ಕೆಡಿಸುವ ಕಾದಂಬರಿಗೆ ‘ಅಡಿಕೆಪಾಕ’ ಎಂಬುದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ. ಇಂದಿನ ವೈನ್ ಸವಿಗಾರರೂ ಬಾಯಿಗೆ ಬಿದ್ದ ಕ್ಷಣವನ್ನೂ ನುಂಗಿದ ಮೇಲೆ ಉಳಿಯುವುದನ್ನೂ ಬೇರೆಬೇರೆಯಾಗಿಯೇ ಗಮನಿಸುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಅಡುಗೆಮನೆಯ ಭಾಷೆಯನ್ನು ಹಾಡಿಹೊಗಳಿದಂತಾಗುತ್ತದೆ. ಅದಕ್ಕೊಂದು ಕಠೋರ ಮುಖವೂ ಇದೆ. ‘ಪಾಕ ಎಳೆಯದು’, ‘ಹಿಟ್ಟು ಹಸಿ ಹಸಿ’ ಎಂಬ ನಿಖರ ಮಾತುಗಳು ಮನೆಗಳಲ್ಲಿ ಹೆಚ್ಚಾಗಿ ಬಳಕೆಯಾದದ್ದು ತಪ್ಪು ತೋರಿಸಲು, ಅದೂ ಹೊಸದಾಗಿ ಬಂದ ಸೊಸೆಗೆ ಅತ್ತೆ ತೋರಿಸಲು. ಮೆಚ್ಚಿಗೆಗೆ ಮಾತ್ರ ‘ಅಡ್ಡಿಯಿಲ್ಲ’, ‘ಚೆನ್ನಾಗಿದೆ’ ಎಂಬೆರಡೇ ಮಾತು. ಗಂಡಸರಂತೂ ಉಪ್ಪು ಕಡಿಮೆಯಾದ ದಿನ ಮಾತ್ರ ಬಾಯಿ ಬಿಟ್ಟರು. ದೋಷಕ್ಕೆ ಹತ್ತು ಪದ, ಗುಣಕ್ಕೆ ಎರಡು ಎಂಬ ಈ ಲೆಕ್ಕದಿಂದ ಬೇಸತ್ತ ತಲೆಮಾರು ಬಾಯ್ತುಂಬ ‘ಬೆಂಕಿ’ ಎನ್ನುವುದು ನನಗೆ ಅರ್ಥವಾಗುತ್ತದೆ. ಆ ಮಾತಿನಲ್ಲಿ ಕನಿಷ್ಠ ಪಕ್ಷ ಔದಾರ್ಯವಿದೆ. ನಮ್ಮ ಪುಸ್ತಕ ವಿಮರ್ಶೆಯ ಕಥೆಯೂ ಬೇರೆಯಲ್ಲ. ಕೊರತೆಯನ್ನು ಪುಟಸಂಖ್ಯೆ ಸಮೇತ ತೋರಿಸುವವರು ಮೆಚ್ಚುವಾಗ ‘ಗಮನಾರ್ಹ’, ‘ಭರವಸೆಯ ಲೇಖಕಿ’ ಎಂದು ಮುಗಿಸುತ್ತಾರೆ.

ಹಾಗಾಗಿ ಮಾಡಬೇಕಾದ ಕೆಲಸ ಇಷ್ಟು: ದೋಷಕ್ಕೆ ಬಳಸುತ್ತಿದ್ದ ನಿಖರತೆಯನ್ನು ಮೆಚ್ಚಿಗೆಗೂ ಕೊಡುವುದು. ಈ ಸಲ ನಾನು ತಿಂದ ತಟ್ಟೆಯ ಬಗ್ಗೆ ಹೇಳುವುದಾದರೆ, ಕೊಕ್ಕಿಸಾಂನ ಎಸಳುಗಳು ತುದಿಯವರೆಗೂ ಒಂದೇ ತೆಳುವಿದ್ದವು. ಅಚ್ಚು ಪ್ರತಿ ಸಲವೂ ಎಣ್ಣೆಯಲ್ಲಿ ಸರಿಯಾಗಿ ಕಾದ ಮೇಲೇ ಹಿಟ್ಟಿಗೆ ಇಳಿದಿದೆ. ತೆಂಗಿನಹಾಲಿನ ಕಂಪು ಕರಿದ ವಾಸನೆಯಡಿ ಮುಚ್ಚಿಹೋಗಿರಲಿಲ್ಲ. ನೆವ್ರ್ಯೊದ ಎಳ್ಳು ಸಿಡಿದು ಘಮ್ಮೆಂದಿತ್ತು, ಆದರೆ ಏಲಕ್ಕಿ ತುಸು ಮುಂದೆ ನಿಂತು ಎಳ್ಳಿನ ಮಾತು ಕಸಿದುಕೊಂಡಿತು. ವೈನಿನಲ್ಲಿ ಸಿಹಿ ಹೆಚ್ಚು. ಒಗರು ಅದನ್ನು ತಡೆದು ನಿಲ್ಲಿಸಿದ್ದರಿಂದ ಎರಡನೆಯ ಗುಟುಕು ಬೇಡವೆನಿಸಲಿಲ್ಲ. ಇದಕ್ಕೆ ಅಂಕ ಎಷ್ಟು ಎಂದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಮಾಡಿದ ಬಾಯಮ್ಮನಿಗೆ ಇದನ್ನು ಓದಿ ಹೇಳಿದರೆ, ಒಪ್ಪಲು ಅಥವಾ ಜಗಳ ಕಾಯಲು ಅವರ ಕೈಗೆ ಏನಾದರೂ ಸಿಗುತ್ತದೆ.

ಅಂಕಕ್ಕೆ ಅರ್ಥವೇ ಇಲ್ಲವೆಂದಲ್ಲ. ಈಗ ಕುಸ್ವಾರನ್ನು ಕಿಲೋ ಲೆಕ್ಕದಲ್ಲಿ ವಾಟ್ಸಾಪ್ ಮೂಲಕ ಮಾರುವ ಗೃಹಿಣಿಯರಿದ್ದಾರೆ. ಕೊಳ್ಳುವವರಿಗೆ ಹಣಕ್ಕೆ ತಕ್ಕ ಮಾಲು ಹೌದೋ ಅಲ್ಲವೋ ತಿಳಿಯಬೇಕು. ಆದರೆ ಅಲ್ಲಿಯೂ ಅರ್ಧ ನಿಮಿಷದ ‘ಅಷ್ಟಕ್ಕಷ್ಟೆ’ ಒಬ್ಬರ ಒಂದು ಋತುವಿನ ದುಡಿಮೆಯನ್ನು ಕೆಡಿಸಬಲ್ಲದು, ಮತ್ತು ಏನು ಸರಿಮಾಡಬೇಕೆಂದು ಅವರಿಗೆ ತಿಳಿಸುವುದೇ ಇಲ್ಲ. ‘ಪಾಕ ಒಂದೆಳೆಗೆ ಇಳಿಸಿದ್ದೀರಿ, ಇನ್ನೊಂದು ನಿಮಿಷ ಬೇಕಿತ್ತು’ ಎಂಬ ಮಾತಿಗೂ ಅಷ್ಟೇ ಹೊತ್ತು ಸಾಕು. ಆ ಮಾತನ್ನು ಆಡಬಲ್ಲವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಮುಂದಿನ ತಟ್ಟೆ ಬಂದಾಗ ಕ್ಯಾಮೆರಾ ಆನ್ ಮಾಡುವ ಮೊದಲು ಅವರ ಬಾಯಿಗೂ ಒಂದು ಕಿಡಿಯೊ ಹಾಕಿ, ಅವರು ಏನೆನ್ನುತ್ತಾರೆ ಕೇಳಿ, ಬರೆದಿಟ್ಟುಕೊಳ್ಳಿ.