300 ಗ್ರಾಮಿನ ಮೆಷೀನು, ಊರಿನ ಕರೆಂಟು

ಅಬಲೂರಿನ ನಮ್ಮ ಮನೆಯಲ್ಲಿ ಗೊರಕೆ ಅಂದ್ರೆ ದುಡಿದವನ ನಿದ್ದೆ. ಮೂವತ್ತು ದಾಟುವವರೆಗೆ ನಾನೂ ಹಾಗೇ ನಂಬಿದ್ದೆ. ಬೆಂಗಳೂರಲ್ಲಿ ಸ್ಲೀಪ್ ಟೆಸ್ಟ್ ಮಾಡಿಸಿದಾಗ, ನಿದ್ದೆಯಲ್ಲಿ ಗಂಟೆಗೆ 34 ಸಲ ಉಸಿರು ನಿಲ್ಲುತ್ತೆ, ಇಲ್ಲಾ ಕುಗ್ಗುತ್ತೆ ಅಂತ ರಿಪೋರ್ಟ್ ಬಂತು. 30 ದಾಟಿದರೆ ತೀವ್ರ ಅಂತ ಲೆಕ್ಕ. ಅಂದಿನಿಂದ ಮಂಚದ ಪಕ್ಕ ಸಿಪ್ಯಾಪ್ ಮೆಷೀನ್ ಇದೆ. ರಾತ್ರಿಯಿಡೀ ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳೋದೇ ಅದರ ಕೆಲಸ.

ಹೋದ ದೀಪಾವಳಿಗೆ ‘ಎರಡೇ ರಾತ್ರಿ ತಾನೇ’ ಅಂತ ಅದನ್ನ ಬಿಟ್ಟು ಊರಿಗೆ ಹೋದೆ. ವಾಪಸ್ ಬರುವಾಗ ಚಿತ್ರದುರ್ಗ ದಾಟಿದ ಮೇಲೆ ಸ್ಟಿಯರಿಂಗ್ ಹಿಡಿದೇ ತೂಕಡಿಸಿದೆ. ಲಾರಿಯ ಹಾರ್ನ್ ಎಬ್ಬಿಸಿತು. ಹಿಂದಿನ ಸೀಟಲ್ಲಿ ಮಗಳು ಮಲಗಿದ್ದಳು.

ಆಮೇಲೆ ಪ್ರಯಾಣದ ಮೆಷೀನ್ ಹುಡುಕಲು ಕೂತೆ. ಎಲ್ಲರ ಬಾಯಲ್ಲೂ ರೆಸ್‌ಮೆಡ್‌ನ ಏರ್‌ಮಿನಿ. ತೂಕ ಬರೀ 300 ಗ್ರಾಂ. ನನ್ನ ಏರ್‌ಸೆನ್ಸ್ 10 ನೀರಿನ ತೊಟ್ಟಿ ಸಮೇತ ಸುಮಾರು ಒಂದೂಕಾಲು ಕೆಜಿ. ಬಾಡಿಗೆಗೆ ತಂದು ಊರಿಗೆ ಒಯ್ದೆ.

ಮೆಚ್ಚಬೇಕಾದ್ದನ್ನ ಮೆಚ್ಚೋಣ. ಅಂಗೈಯಲ್ಲಿ ಕೂರುತ್ತೆ. ನೀರು ಹಾಕೋ ರಗಳೆ ಇಲ್ಲ, ನಿಮ್ಮ ಉಸಿರಿನ ತೇವವನ್ನೇ ಹಿಡಿದಿಟ್ಟು ವಾಪಸ್ ಕೊಡೋ ಪುಟ್ಟ ಬಿಲ್ಲೆ ಇದೆ. ಆದರೆ ಆ ಬಿಲ್ಲೆಯನ್ನ ತಿಂಗಳಿಗೊಮ್ಮೆ ಬದಲಿಸಬೇಕು. ಅದೇ ಕಂಪನಿಯ ಕೆಲವು ಮಾಸ್ಕ್‌ಗಳಷ್ಟೇ ಹೊಂದುತ್ತವೆ. ಪರದೆ ಇಲ್ಲ, ಸೆಟ್ಟಿಂಗ್ ಎಲ್ಲಾ ಫೋನಿನ ಆ್ಯಪ್‌ನಲ್ಲಿ. ಮುಖ್ಯವಾಗಿ, ಒಳಗೆ ಬ್ಯಾಟರಿಯೇ ಇಲ್ಲ.

ರಾತ್ರಿ ಒಂದೂವರೆಗೆ ಕರೆಂಟು ಹೋಯ್ತು. ಮಾಸ್ಕ್ ಕಿತ್ತು ಎದ್ದು ಕೂತೆ. ಅವ್ವ ಬ್ಯಾಟರಿ ಬಿಟ್ಟು ನೋಡಿ, ‘ಇದೇನೋ ತಮ್ಮಾ, ಮಾರಿಗೆ ಕಟಗೊಂಡು ಮಲಗೀಯಲ್ಲ?’ ಅಂದಳು. ಏಕಾಂತದ ರಾಮಯ್ಯ ತಲೆ ಕೊಟ್ಟು ವಾಪಸ್ ಪಡೆದ ಊರು ನಮ್ಮದು ಅಂತಾರೆ. ನನಗೆ ಬೆಳಗಿನವರೆಗೆ ಉಸಿರು ಸಿಕ್ಕಿದ್ದರೆ ಸಾಕಿತ್ತು.

ನನ್ನ ತಕರಾರು ಇಷ್ಟೇ. ಈ ಮೆಷೀನುಗಳ ಮಟ್ಟಿಗೆ ‘ಪ್ರಯಾಣ’ ಅಂದ್ರೆ ವಿಮಾನ ಮತ್ತು ಹೋಟೆಲ್. ಅಲ್ಲಿ ಗ್ರಾಂ ಲೆಕ್ಕಕ್ಕೆ ಬರುತ್ತೆ, ಪ್ಲಗ್ಗಿನ ಚಿಂತೆ ಇಲ್ಲ. ತಿಂಗಳಿಗೆರಡು ಸಲ ಹಾರುವವರು ಧಾರಾಳವಾಗಿ ಕೊಳ್ಳಿ. ನಮ್ಮಲ್ಲಿ ಬಹಳ ಜನಕ್ಕೆ ಪ್ರಯಾಣ ಅಂದ್ರೆ ಊರು. ಅಲ್ಲಿ ನೋಡಬೇಕಾದ್ದು ತೂಕ ಅಲ್ಲ, ವ್ಯಾಟ್.

ದೊಡ್ಡ ಮೆಷೀನಲ್ಲಿ ಹೆಚ್ಚು ವಿದ್ಯುತ್ ತಿನ್ನೋದು ಗಾಳಿ ಊದುವ ಮೋಟಾರ್ ಅಲ್ಲ, ನೀರನ್ನೂ ಪೈಪನ್ನೂ ಬಿಸಿ ಮಾಡೋ ಹೀಟರ್. ಅವೆರಡನ್ನ ಬಂದ್ ಮಾಡಿದರೆ ಹಳೇ ಮೆಷೀನೂ ಸರಾಸರಿ ಹತ್ತು ವ್ಯಾಟಿನ ಆಸುಪಾಸಲ್ಲಿ ನಡೆಯುತ್ತೆ. ಎಂಟು ಗಂಟೆಗೆ 80 ವ್ಯಾಟ್-ಅವರ್ ಅಂದ್ಕೊಳ್ಳಿ. ಮನೆಗಳಲ್ಲಿ ಇಡೋ 12 ವೋಲ್ಟ್, 150 ಎಎಚ್ ಇನ್ವರ್ಟರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇರುತ್ತೆ. ಅರ್ಧ ಕೈಗೆ ಸಿಕ್ಕರೂ ರಾತ್ರಿ ಕಳೆದು ಮಿಗುತ್ತೆ. ಸೈನ್ ವೇವ್ ಇನ್ವರ್ಟರೇ ತಗೊಳ್ಳಿ, ಅಗ್ಗದ ಸ್ಕ್ವೇರ್ ವೇವ್ ಬೇಡ.

ಹೊಸ ಮೆಷೀನಿನ ಅರ್ಧ ದುಡ್ಡೂ ಖರ್ಚಾಗದೆ ಊರಮನೆಗೆ ಇನ್ವರ್ಟರ್ ಬಂತು. ಕರೆಂಟು ಹೋದರೂ ಅವ್ವನಿಗೆ ಫ್ಯಾನ್ ತಿರುಗುತ್ತೆ. ಹಳೇ ಮೆಷೀನು ಕಾರಿನ ಡಿಕ್ಕಿಯಲ್ಲಿ ನನ್ನ ಜೊತೆ ಬರುತ್ತೆ. ಒಂದೂಕಾಲು ಕೆಜಿ ನನಗೇನೂ ಭಾರ ಅನ್ನಿಸಿಲ್ಲ.

ಮೊನ್ನೆ ಮಾಸ್ಕ್ ಹಾಕುವ ಮುಂಚೆ ಪಡಸಾಲೆಯಿಂದ ಅಪ್ಪನ ಗೊರಕೆ ಕೇಳಿಸಿತು. ನಡುವೆ ಪೂರ್ತಿ ನಿಂತು, ಆಮೇಲೆ ಏದುಸಿರಿನ ಜೊತೆ ಮತ್ತೆ ಶುರುವಾಗುತ್ತಿತ್ತು. ಚಿಕ್ಕಂದಿನಿಂದ ಕೇಳಿದ್ದೇನೆ, ಎಣಿಸಿದ್ದು ಅವತ್ತೇ ಮೊದಲು. ಮುಂದಿನ ತಿಂಗಳು ಅಪ್ಪನನ್ನ ಟೆಸ್ಟ್‌ಗೆ ಕರ್ಕೊಂಡು ಹೋಗ್ತಿದ್ದೀನಿ.